ಮೊದಲು ನೀರು ಕುಡಿದವರು

ಆ ಮನೆಯಲ್ಲಿ ರಾತ್ರಿಯೂಟದ ಪಾತ್ರೆ ಯಾರು ತೊಳೆಯಬೇಕೆಂದು ತೀರ್ಮಾನ ಮಾಡುತ್ತಿದ್ದದ್ದು ಖಾರದ ಸಾಸ್. ಮೇಜಿನ ನಡುವೆ ಸಾಸಿನ ಬಾಟಲಿ, ಎಲ್ಲರ ಮುಂದೆಯೂ ಒಂದೊಂದು ಲೋಟ ನೀರು. ತಟ್ಟೆಯಲ್ಲಿ ಅನ್ನವಿರಲಿ, ಬ್ರೆಡ್ಡಿರಲಿ, ಬೇಯಿಸಿದ ಆಲೂಗೆಡ್ಡೆಯಿರಲಿ, ಅದಕ್ಕೆ ಭರ್ತಿ ಒಂದು ಚಮಚ ಸಾಸ್ ಹಾಕಿಕೊಂಡೇ ಉಣ್ಣಬೇಕು. ಖಾರ ತಡೆಯಲಾರದೆ ಮೊದಲು ಲೋಟ ಮುಟ್ಟಿದವರಿಗೆ ಅವತ್ತಿನ ಪಾತ್ರೆ.

ಈ ಕಾನೂನು ಮಾಡಿದವನು ಮನೆಯ ಯಜಮಾನ. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವನಾದ್ದರಿಂದ ಡಿಪೋದವರೆಲ್ಲ ಅವನನ್ನು ಚೀಫ್ ಎನ್ನುತ್ತಿದ್ದರು. ಆ ಹೆಸರು ಬಸ್ಸು ಹತ್ತಿ ಮನೆಯವರೆಗೂ ಬಂದಿತ್ತು. ಮಗ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪಾತ್ರೆಯ ವಿಷಯಕ್ಕೆ ದಿನಾ ಜಟಾಪಟಿ ನಡೆಯುತ್ತಿತ್ತು. ಒಂದು ಸಂಜೆ ಚೀಫ್ ಮೇಜು ಕುಟ್ಟಿ, "ಸಾಕು ಗಲಾಟೆ. ಇನ್ಮೇಲೆ ನಾಲಿಗೆನೇ ತೀರ್ಪು ಕೊಡ್ಲಿ. ಇದಕ್ಕಿಂತ ನ್ಯಾಯ ಇನ್ನೇನಿದೆ?" ಎಂದಿದ್ದ. ನ್ಯಾಯವೇನೋ ನ್ಯಾಯವೇ. ಆದರೆ ಚೀಫ್‌ನ ನಾಲಿಗೆಯನ್ನು ದೇವರು ತಗಡಿನಲ್ಲಿ ಮಾಡಿದ್ದನೋ ಏನೋ, ಅಂದಿನಿಂದ ಇಂದಿನವರೆಗೆ ಅವನು ಒಮ್ಮೆಯೂ ಸೋತವನಲ್ಲ. ಸೋಲುತ್ತಿದ್ದವರು ಅಪರೂಪಕ್ಕೆ ಮಗ, ಬಹುಪಾಲು ಹೆಂಡತಿ.

ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಟೈಲರಮ್ಮ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲಾ ಸಮವಸ್ತ್ರ, ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಮನೆಯ ಸಾಸ್ ತಯಾರಾಗುತ್ತಿದ್ದದ್ದೂ ಅವಳ ಕೈಯಲ್ಲೇ. ಕೆಂಪು ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ವಿನೆಗರ್, ಚಿಟಿಕೆ ಸಕ್ಕರೆ. ಭಾನುವಾರ ಮಧ್ಯಾಹ್ನ ಅವಳು ಬಾಣಲೆ ಒಲೆಗಿಟ್ಟರೆ ಎದುರುಮನೆಯವರು ಕೆಮ್ಮುತ್ತಲೇ ಹೊಗಳುತ್ತಿದ್ದರು. ತಾನೇ ರುಬ್ಬಿದ ಖಾರಕ್ಕೆ ತಾನೇ ಸೋತು, ತಾನೇ ಪಾತ್ರೆ ತಿಕ್ಕುವ ಈ ಏರ್ಪಾಡು ಎಷ್ಟು ವಿಚಿತ್ರವೆಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿದಾಗಲೆಲ್ಲ ತಟ್ಟೆಯನ್ನು ಸ್ವಲ್ಪ ಜೋರಾಗಿ ತಿಕ್ಕುತ್ತಿದ್ದಳು, ಅಷ್ಟೆ.

ಚೀಫ್‌ಗೆ ಮಾತ್ರ ಆ ಸಾಸ್ ಎಂದರೆ ಪ್ರಾಣ. ಹಗಲೆಲ್ಲ ಹಂಡೆ ಹಂಡೆ ಅಡುಗೆಯ ರುಚಿ ನೋಡಿ ನಾಲಿಗೆ ದಾರಿ ತಪ್ಪಿರುತ್ತದೆ, ಮನೆಗೆ ಬಂದು ಹೆಂಡತಿಯ ಸಾಸ್ ಒಂದು ಚಮಚ ತಿಂದರೆ ತನ್ನ ಜಾಗಕ್ಕೆ ಬಂದು ಕೂರುತ್ತದೆ ಎಂದು ಅವನು ನಂಬಿದ್ದ.

"ಗಡಿಯಾರ ನೋಡಿ ಟೈಮ್ ಸರಿ ಮಾಡ್ಕೊಂಡ ಹಾಗೆ ಕಣೇ," ಎನ್ನುತ್ತಿದ್ದ. "ಊರು ಬದಲಾಗ್ಲಿ, ನಿನ್ನ ಸಾಸ್ ಬದಲಾಗಲ್ಲ."

ಇನ್ನು ಮನೆಯಲ್ಲಿದ್ದದ್ದು ಚೀಫ್‌ನ ತಾಯಿ. ಹಲ್ಲಿಲ್ಲದ ಅಜ್ಜಿ. ವಯಸ್ಸಿನ ಕಾರಣಕ್ಕೆ ಅವಳಿಗೆ ಪಾತ್ರೆಯಿಂದ ವಿನಾಯಿತಿ ಇತ್ತು, ಸಾಸಿನಿಂದ ಇರಲಿಲ್ಲ. ಅದನ್ನು ಅವಳೇ ಬಿಡುತ್ತಿರಲಿಲ್ಲ. ಮೊಸರನ್ನಕ್ಕೂ ಸುರಿದುಕೊಂಡು ಚಪ್ಪರಿಸುತ್ತ, ಯಾರ ಕೈ ಲೋಟದ ಕಡೆ ಹೋಗುತ್ತಿದೆ ಎಂದು ಹದ್ದಿನ ಕಣ್ಣಲ್ಲಿ ಕಾಯುತ್ತಿದ್ದಳು. ಕೈ ತಗುಲಿತೋ, ಚಮಚದಿಂದ ತಟ್ಟೆಗೆ ಒಂದು ಏಟು. "ಔಟ್!"

ಇಂಥ ಮನೆಗೆ ಸೊಸೆ ಬಂದಳು.

ಸೊಸೆ ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಳು. ಅವಳ ತವರಿನಲ್ಲಿ ಮೆಣಸು ಎನ್ನುವುದು ನೆಗಡಿಯ ಔಷಧಿ. ಮೊದಲ ಸಂಜೆ ಚೀಫ್ ಕಾನೂನು ವಿವರಿಸಿ, ದೊಡ್ಡ ಮನಸ್ಸು ಮಾಡಿ, "ನೀನು ಹೊಸಬಳು. ಒಂದು ತಿಂಗಳು ನಿನ್ನ ಲೆಕ್ಕಕ್ಕಿಲ್ಲ" ಎಂದ.

"ಬೇಡ ಮಾವ. ಎಲ್ಲರಿಗೂ ಏನೋ ನನಗೂ ಅದೇ," ಎಂದು ಸೊಸೆ ಚಮಚ ತುಂಬ ಸಾಸ್ ಬಡಿಸಿಕೊಂಡಳು. ಎರಡನೆಯ ತುತ್ತಿಗೆ ಅವಳ ಮೂಗು ಕೆಂಪಾಯಿತು, ಮೂರನೆಯದಕ್ಕೆ ಕಿವಿ. ನಾಲ್ಕನೆಯ ತುತ್ತು ಬಾಯಿಗೆ ಹೋಗಲೇ ಇಲ್ಲ.

"ಔಟ್!" ಎಂದಳು ಅಜ್ಜಿ, ಬೊಚ್ಚು ಬಾಯಿ ತುಂಬ ನಗುತ್ತ.

ಅವತ್ತಿನಿಂದ ಪಾತ್ರೆ ಸೊಸೆಯ ಕೊರಳಿಗೆ ಬಿತ್ತು. ದಿನಾ ಸಂಜೆ ಅದೇ ಮೂಗು, ಅದೇ ಕಿವಿ, ಅದೇ ಔಟ್. ಟೈರ್ ಅಂಗಡಿಯಲ್ಲಿ ದುಡಿದು ಬಂದ ಮಗ ಹೆಂಡತಿಯ ಪಾಡು ನೋಡಲಾರದೆ ಒಂದು ದಿನ ಅವಳಿಗಿಂತ ಮುಂಚೆ ತಾನೇ ಲೋಟ ಎತ್ತಿ ಗಟಗಟ ಕುಡಿದ. ಅಜ್ಜಿ ಚಮಚ ಎತ್ತಿದವಳು ಹಾಗೆಯೇ ನಿಲ್ಲಿಸಿ ಮೊಮ್ಮಗನ ಮುಖದ ಹತ್ತಿರ ಬಗ್ಗಿದಳು.

"ಮೂಗು ಸೋರ್ತಿಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಇದು ಕಳ್ಳ ಸೋಲು ಕಣೋ!"

"ಖಾರ ಆಯ್ತು ಅಜ್ಜಿ, ಸತ್ಯವಾಗ್ಲೂ."

"ಅಜ್ಜಿ ಹೇಳೋದು ಸರಿ," ಎಂದದ್ದು ಸೊಸೆಯೇ. ಗಂಡನ ಕಡೆ ತಿರುಗಿ, "ನನ್ನ ಪರವಾಗಿ ಸೋಲಿ ಅಂತ ನಾನು ನಿಮ್ಮನ್ನ ಕೇಳಿದ್ನಾ? ನಾನೇನು ಕೈಲಾಗದವಳಾ?" ಎಂದು ರೇಗಿದಳು. ಮಗ ಪೆಚ್ಚಾದ. ಸೊಸೆ ತಟ್ಟೆಗಳನ್ನು ಜೋಡಿಸಿಕೊಂಡು ಸೆಟೆದುಕೊಂಡೇ ಒಳಗೆ ಹೋದಳು. ಟೈಲರಮ್ಮನಿಗೆ ಆ ನಡಿಗೆ ಬಹಳ ಹಿಡಿಸಿತು. ಇಂಥ ಹಟ ತನಗಿದ್ದಿದ್ದರೆ ಈ ಕಾನೂನು ಇಷ್ಟು ವರ್ಷ ಬಾಳುತ್ತಿರಲಿಲ್ಲ ಎಂದುಕೊಂಡಳು.

ಒಂದು ರಜೆಯ ದಿನ ಟೈಲರಮ್ಮ ಬಿಳಿ ಪರದೆ ಕತ್ತರಿಸುವಾಗ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಳ್ಳಲು ಸೊಸೆಯನ್ನು ಕರೆದಳು. ಬಟ್ಟೆ ಮಡಚುವಾಗ ನೋಡಿದರೆ ಅಂಚಿನಲ್ಲಿ ಎರಡು ಕೆಂಪು ಚುಕ್ಕೆ.

"ಕೈ ತೋರ್ಸು," ಎಂದಳು ಟೈಲರಮ್ಮ.

"ಏನಿಲ್ಲ ಅತ್ತೆ. ಲಾಂಡ್ರಿ ಸೋಡಾ. ಅಲ್ಲಿ ಎಲ್ಲರಿಗೂ ಹೀಗೇ."

"ತೋರ್ಸು ಅಂದೆ."

ಬೆರಳುಗಳ ತುದಿಯೆಲ್ಲ ಒಡೆದು ಸೀಳಿತ್ತು. ಹಗಲು ಸೋಡಾ, ಸಂಜೆ ಪಾತ್ರೆಯ ಸೋಪು. ಸಾಲದ್ದಕ್ಕೆ ತಟ್ಟೆಗೆ ಮೆತ್ತಿದ ಸಾಸ್ ಸೀಳಿನೊಳಗೆ ಇಳಿದು ಹೇಗೆ ಉರಿಯುತ್ತಿರಬೇಕು! ಟೈಲರಮ್ಮ ಆ ಕೈಯನ್ನು ಬಿಡಲಿಲ್ಲ. ಆ ಸಾಸ್ ತನ್ನದೇ ತಾನೆ?

"ಇವತ್ತಿಂದ ಪಾತ್ರೆ ನಾನು ತೊಳೀತೀನಿ. ನೀನು ಮುಟ್ಟಬೇಡ."

"ಸೋತಿದ್ದು ನಾನು, ತೊಳೆಯೋದು ನೀವಾ? ಆಗಲ್ಲ ಅತ್ತೆ. ಒಂದಲ್ಲ ಒಂದು ದಿನ ಮಾವನ ಮುಂದೆ ನೀರು ಮುಟ್ಟದೆ ಊಟ ಮುಗಿಸ್ತೀನಿ. ಅಲ್ಲಿವರೆಗೂ ನಂದೇ ಪಾತ್ರೆ."

"ಗ್ಲೌಸ್ ಆದ್ರೂ ಹಾಕ್ಕೋ."

"ಗ್ಲೌಸ್ ಹಾಕ್ಕೊಂಡ್ರೆ ತಟ್ಟೆ ಜಾರತ್ತೆ," ಎಂದು ಸೊಸೆ ಕೈ ಬಿಡಿಸಿಕೊಂಡಳು.

ಮುಂದಿನ ಭಾನುವಾರ ಟೈಲರಮ್ಮ ಸಾಸ್ ಮಾಡಲು ಕುಳಿತಾಗ ಮನೆಯಲ್ಲಿ ಅಜ್ಜಿ ಬಿಟ್ಟರೆ ಯಾರೂ ಇರಲಿಲ್ಲ, ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಟೈಲರಮ್ಮ ಆ ಕಡೆ ಈ ಕಡೆ ನೋಡಿ, ಬುಟ್ಟಿಯಿಂದ ಎರಡು ಹಿಡಿ ಮೆಣಸಿನಕಾಯಿ ತೆಗೆದು ಪಕ್ಕಕ್ಕಿಟ್ಟಳು. ಅದರ ಜಾಗಕ್ಕೆ ಎರಡು ಕೆಂಪು ಕ್ಯಾರೆಟ್ ಬೇಯಿಸಿ ಹಾಕಿದಳು. ಬಣ್ಣ ಹಾಗೇ ಬಂತು. ಬೆಳ್ಳುಳ್ಳಿ, ವಿನೆಗರ್ ಎಂದಿನಷ್ಟೇ ಇದ್ದುದರಿಂದ ವಾಸನೆಯೂ ಹಾಗೇ. ಅದರ ಮುಂದಿನ ಭಾನುವಾರ ಇನ್ನೆರಡು ಹಿಡಿ ಕಡಿಮೆಯಾಯಿತು, ಕ್ಯಾರೆಟ್ ಜೊತೆಗೆ ಕೆಂಪು ದಪ್ಪ ಮೆಣಸಿನಕಾಯಿಯೂ ಸೇರಿತು. ಕದ್ದು ಒಳ್ಳೆಯ ಕೆಲಸ ಮಾಡುವುದರಲ್ಲಿ ಒಂದು ಮಜಾ ಇದೆ. ಟೈಲರಮ್ಮ ಹಾಡು ಗುನುಗುತ್ತ ಬಾಣಲೆ ಕೆದಕಿದಳು.

ಫಲ ಬೇಗ ಕಾಣಿಸಿತು. ಒಂದು ಸಂಜೆ ಸೊಸೆ ಅರ್ಧ ಊಟದವರೆಗೆ ತಡೆದಳು. ಇನ್ನೊಂದು ಸಂಜೆ ಮುಕ್ಕಾಲು. ಆಮೇಲೆ ಒಂದು ದಿನ ಪೂರ್ತಿ ತಟ್ಟೆ ಖಾಲಿ ಮಾಡಿ, ಲೋಟವನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿ, ಮಾವನನ್ನು ನೋಡಿ ಹುಬ್ಬು ಹಾರಿಸಿದಳು. ಅವಳ ಮುಖದಲ್ಲಿನ ಕಳೆ ನೋಡಿ ಟೈಲರಮ್ಮನಿಗೆ ಹೊಟ್ಟೆ ತುಂಬಿತು.

ಆದರೆ ಈಗ ಆಟ ಬೇರೆ ದಾರಿ ಹಿಡಿಯಿತು. ಖಾರಕ್ಕೆ ಯಾರೂ ನೀರು ಮುಟ್ಟುವವರೇ ಇಲ್ಲ. ನಾಲ್ಕು ಜನ ಖಾಲಿ ತಟ್ಟೆ ಮುಂದಿಟ್ಟುಕೊಂಡು, ಒಣಗಿದ ಗಂಟಲಲ್ಲಿ ಎಂಜಲು ನುಂಗುತ್ತ, ಒಬ್ಬರನ್ನೊಬ್ಬರು ನೋಡುತ್ತ ಕೂರುವುದಾಯಿತು. ಕೊನೆಗೆ ಬಾಯಾರಿಕೆ ತಾಳಲಾರದೆ ಸೋಲುತ್ತಿದ್ದವನು ಮಗ. ಟೈರ್ ಹೊತ್ತು ಬಂದ ಮೈ, ಎಷ್ಟು ಹೊತ್ತು ತಡೆದೀತು? ದಿನಾ ಪಾತ್ರೆ ಅವನಿಗೇ ಗಂಟುಬಿತ್ತು. ಮೊದಲ ವಾರ ಎರಡು ಪಿಂಗಾಣಿ ತಟ್ಟೆ ಒಡೆದ.

"ನಿಮ್ಮ ಕೈಗೆ ಟೈರೇ ಸರಿ," ಎಂದು ಸೊಸೆ ನಕ್ಕಳು.

"ನಗು, ನಗು. ಕಾಲ ನಿಂದು," ಎಂದು ಅವನು ಚೂರು ಗುಡಿಸಿದ.

ಅಜ್ಜಿಯೊಬ್ಬಳು ಮಾತ್ರ ದಿನಾ ರಾಗ ತೆಗೆಯುತ್ತಿದ್ದಳು. "ಇದೇನಿದು, ಮಗುವಿಗೆ ತಿನ್ನಿಸೋ ಗಂಜಿ ಇದ್ದ ಹಾಗಿದೆ? ಖಾರನೇ ಇಲ್ಲ."

"ನಿಮಗೆ ವಯಸ್ಸಾಯ್ತು ಅತ್ತೆ, ನಾಲಿಗೆ ಮಂದ ಆಗಿರತ್ತೆ," ಎಂದು ಟೈಲರಮ್ಮ ಮಾತು ತೇಲಿಸಿದಳು. ತೇಲಿಸಿದ ಮಾತು ಹೋಗಿ ಚೀಫ್‌ನ ಎದೆಗೆ ತಾಗಿತೆಂದು ಅವಳಿಗೆ ಆಗ ಗೊತ್ತಾಗಲಿಲ್ಲ.

ಚೀಫ್ ಒಂದು ಚಮಚದ ಬದಲು ಎರಡು ಹಾಕಿಕೊಂಡ. ಮೂರು ಹಾಕಿಕೊಂಡ. ಕಣ್ಣು ಮುಚ್ಚಿ ನಾಲಿಗೆಯನ್ನು ಬಾಯೊಳಗೆ ಹೊರಳಿಸಿದ. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಳ್ಳುತ್ತಿದ್ದಾಗ ಟೈಲರಮ್ಮನ ಕೈಗೆ ಸಿಕ್ಕಿಬಿದ್ದ.

"ಏನ್ರೀ ಇದು?"

"ನನ್ನ ನಾಲಿಗೆ ಹೋಯ್ತು ಕಣೇ," ಎಂದ ಚೀಫ್ ಮೆಲ್ಲಗೆ. "ಅಮ್ಮಂಗೆ ಹೋಗಿದೆ, ಈಗ ನಂಗೂ ಹೋಗ್ತಿದೆ. ನಮ್ಮ ವಂಶದಲ್ಲೇ ಇರಬೇಕು. ನಿನ್ನ ಸಾಸ್ ತಿಂದ್ರೂ ಖಾರ ಗೊತ್ತಾಗ್ತಿಲ್ಲ ಅಂದ್ರೆ ಇನ್ನೇನು?"

ಟೈಲರಮ್ಮ ಹೇಳಿಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ಸೊಸೆ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟಳು. "ಅತ್ತೆ, ನಮ್ಮ ಲಾಂಡ್ರಿಯಲ್ಲಿ ಹೇಳಿದೆ, ನಮ್ಮ ಮಾವನಿಗೇ ಸರಿಸಮ ಖಾರ ತಿಂತೀನಿ ಅಂತ. ಯಾರೂ ನಂಬಲ್ಲ!" ಎಂದು ನಗುತ್ತ ಮೆಟ್ಟಿಲಿಳಿದಳು. ಟೈಲರಮ್ಮ ಇಕ್ಕಟ್ಟಿಗೆ ಸಿಕ್ಕಳು. ಹೇಳಿದರೆ ಈ ಹುಡುಗಿಯ ನಗು ಹೋಗುತ್ತದೆ, ಹೇಳದಿದ್ದರೆ ಈ ಮನುಷ್ಯನ ನಿದ್ದೆ ಹೋಗುತ್ತದೆ.

"ಡಾಕ್ಟರಿಗೆ ತೋರ್ಸಿ," ಎಂದಷ್ಟೇ ಹೇಳಿದಳು.

ಡಾಕ್ಟರು ಟಾರ್ಚ್ ಬಿಟ್ಟು ನೋಡಿ ನಾಲಿಗೆ ಚೆನ್ನಾಗಿದೆ ಎಂದರು. "ಅವರಿಗೆ ಕಾಣೋದು ಬಣ್ಣ. ರುಚಿ ಕಾಣತ್ತಾ?" ಎಂದು ಚೀಫ್ ತಳ್ಳಿಹಾಕಿದ. ಹೆಂಡತಿಯ ಸಾಸಿಗಿಂತ ದೊಡ್ಡ ಡಾಕ್ಟರು ಅವನಿಗೆ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ಚೀಫ್ ಬುದ್ಧಿವಂತ. ಕ್ಯಾಂಟೀನಿನ ಹಂಡೆಯ ಮುಂದೆ ನಿಂತು ಅವನು ಹೀಗೆ ಲೆಕ್ಕ ಹಾಕಿದ: ನನ್ನ ನಾಲಿಗೆ ಮಂದವಾಗಿದೆ. ನನಗೆ ಖಾರ ಸರಿಯಾಗಿದೆ ಅನ್ನಿಸಿದರೆ ಜನರ ಬಾಯಿಗೆ ಅದು ಬೆಂಕಿ. ಆದ್ದರಿಂದ ಕಡಿಮೆ ಮಾಡಬೇಕು. ಮಾಡಿದ. ಮೊದಲು ಅರ್ಧಕ್ಕಿಳಿಸಿದ, ಆಮೇಲೆ ಕಾಲಿಗೆ. ಈ ಉಪಾಯವನ್ನು ಹೆಂಡತಿಗೆ ಹೆಮ್ಮೆಯಿಂದ ವಿವರಿಸಿಯೂ ಹೇಳಿದ. ಟೈಲರಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು. ಅವತ್ತು ಹೊಲಿದ ಶರ್ಟಿಗೆ ಜೇಬು ಒಳಗಡೆ ಕೂತಿತು.

ಡಿಪೋದಲ್ಲಿ ಗುಲ್ಲೆದ್ದಿತು. ಬೆಳಗಿನ ಜಾವ ಬಸ್ ಹತ್ತಿ ಮಧ್ಯಾಹ್ನ ಹಸಿದು ಬರುವ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳಿಗೆ ಖಾರ ಬೇಕು. ಬೆವರು ಬರಬೇಕು, ನಿದ್ದೆ ಹಾರಬೇಕು. ಈ ಸಪ್ಪೆ ಹುರುಳಿಕಾಯಿ, ಸಪ್ಪೆ ಬೇಳೆ ತಿಂದು ಮಧ್ಯಾಹ್ನದ ಡ್ರೈವರುಗಳು ಸ್ಟೇರಿಂಗ್ ಮೇಲೆ ತೂಕಡಿಸುವಂತಾಯಿತು. "ಚೀಫ್, ಇದು ಕ್ಯಾಂಟೀನೋ ಬಾಣಂತಿ ವಾರ್ಡೋ?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಮನೆಯಿಂದ ಸಾಸ್ ಬಾಟಲಿ ತಂದು ಎಲ್ಲರ ಕಣ್ಣೆದುರೇ ಚೀಫ್‌ನ ಅಡುಗೆಗೆ ಸುರಿದುಕೊಂಡ. ಮೂವತ್ತು ವರ್ಷದ ಕೆಲಸದಲ್ಲಿ ಚೀಫ್ ಇಂಥ ಅವಮಾನ ಕಂಡಿರಲಿಲ್ಲ.

ಡಿಪೋ ಮ್ಯಾನೇಜರ್ ಕರೆದು ಹೇಳಿದರು: "ಸೋಮವಾರ ಮೇಲಿನ ಆಫೀಸಿನಿಂದ ಇಬ್ಬರು ಬಂದು ಊಟ ಮಾಡಿ ನೋಡ್ತಾರೆ. ಅವರೂ ಸಪ್ಪೆ ಅಂದ್ರೆ ನನ್ನ ಕೈಲಿ ಏನೂ ಇಲ್ಲ. ಹೊಸ ಅಡುಗೆಯವನು ಬರ್ತಾನೆ. ನೀವು ಕೌಂಟರಲ್ಲಿ ಕೂತು ಕೂಪನ್ ಹರೀರಿ."

ಚೀಫ್ ಮನೆಗೆ ಬಂದು ಇದನ್ನು ಹೇಳಿದ್ದು ಶನಿವಾರ. ಅವತ್ತು ಅವನು ಊಟ ಮಾಡಲಿಲ್ಲ. ಟೈಲರಮ್ಮನಿಗೂ ಊಟ ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ಸೊಸೆ ಅರ್ಧ ದಿನದ ಪಾಳಿ ಮುಗಿಸಿ ಬಂದಾಗ ಅವಳ ತುಟಿಗಳು ಊದಿ ಕುಂಬಳವಾಗಿದ್ದವು. ನೇರ ಅಡುಗೆಮನೆಗೆ ಬಂದು, ಸಾಸಿನ ಬುಟ್ಟಿಯ ಮುಂದೆ ಕುಳಿತಿದ್ದ ಅತ್ತೆಯ ಎದುರು ನಿಂತಳು.

"ಅತ್ತೆ, ಸಾಸಿಗೆ ಏನು ಹಾಕ್ತಿದ್ದೀರಾ?"

"ಯಾಕೆ? ಎಂದಿನ ಹಾಗೇ..."

"ಇಸ್ತ್ರಿ ಮಾಡೋ ಅಕ್ಕ ಇವತ್ತು ಅಂಗಡಿ ಸಾಸ್ ತಂದಿದ್ರು. ನಾನು ಜಂಬ ಕೊಚ್ಕೊಂಡು ಎರಡು ಚಮಚ ಬ್ರೆಡ್ಡಿಗೆ ಸುರ್ಕೊಂಡು ತಿಂದೆ. ಜೀವ ಹೋಯ್ತು ಅತ್ತೆ! ತೊಟ್ಟಿ ನೀರಿಗೆ ಬಾಯಿ ಹಾಕಿದೆ. ಅವರೆಲ್ಲ ದಿಂಬಿನ ಕವರಿಂದ ಗಾಳಿ ಹಾಕಿದ್ರು, ನಗ್ತಾ ನಗ್ತಾ." ಬುಟ್ಟಿಯ ಪಕ್ಕದಲ್ಲಿದ್ದ ಕ್ಯಾರೆಟ್ ಅವಳ ಕಣ್ಣಿಗೆ ಬಿತ್ತು. "ಇದಾ?"

ಟೈಲರಮ್ಮ ತಲೆ ತಗ್ಗಿಸಿದಳು. "ನಿನ್ನ ಬೆರಳು ನೋಡಿ ಮನಸ್ಸು ತಡೀಲಿಲ್ಲ."

"ನನ್ನ ಬೆರಳಿಗೆ ಮುಲಾಮು ಕೊಡಿ, ಬೇಡ ಅನ್ನಲ್ಲ. ಗೆದ್ದೆ ಗೆದ್ದೆ ಅಂತ ಊರೆಲ್ಲ ಸಾರಿದೆ. ಗೆದ್ದಿದ್ದು ನಾನಲ್ಲ, ಕ್ಯಾರೆಟ್!"

"ಬೈಯಿ. ಎಷ್ಟು ಬೇಕಾದ್ರೂ ಬೈಯಿ. ನಿನಗೆ ಮಾಡಿದ್ದು ಚಿಕ್ಕದು. ಅವರಿಗೆ ಮಾಡಿದ್ದು ನೋಡು," ಎಂದು ಟೈಲರಮ್ಮ ಅತ್ತೇಬಿಟ್ಟಳು. ಸಾಸ್ ಸಪ್ಪೆಯಾದದ್ದಕ್ಕೆ ಚೀಫ್ ತನ್ನ ನಾಲಿಗೆಯನ್ನೇ ಅನುಮಾನಿಸಿದ್ದು, ಹಂಡೆಯ ಖಾರ ಇಳಿಸಿದ್ದು, ನಾಳೆ ಸೌಟು ಕೈತಪ್ಪುವುದು, ಎಲ್ಲವನ್ನೂ ಹೇಳಿದಳು. ಸೊಸೆ ಊದಿದ ತುಟಿಯಲ್ಲೇ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳ ಸಿಟ್ಟು ಇಳಿಯಿತು. ಕಡೆಗೆ ಅವಳು ಕ್ಯಾರೆಟ್ ಎತ್ತಿ ಕಚ್ಚಿ ತಿನ್ನುತ್ತ ಅತ್ತೆಯ ಪಕ್ಕದಲ್ಲೇ ಕುಳಿತಳು.

"ಮೆಣಸಿನಕಾಯಿ ಎಷ್ಟು ಹಾಕ್ಬೇಕು, ಹೇಳಿ. ಹಳೇ ಲೆಕ್ಕದಲ್ಲಿ."

"ನಿನ್ನ ಕೈ ಉರಿಯತ್ತೆ ಮುಟ್ಟಬೇಡ. ಬೆಳ್ಳುಳ್ಳಿ ಬಿಡಿಸು ಸಾಕು."

ಇಬ್ಬರೂ ಸೇರಿ ಮಾಡಿದರು. ಬಾಣಲೆ ಕಾದ ಕೂಡಲೇ ಎದುರುಮನೆಯಿಂದ ಬಹಳ ದಿನಗಳ ಮೇಲೆ ಕೆಮ್ಮು ಕೇಳಿಸಿತು.

ಸಂಜೆ ಹೊಸ ಬಾಟಲಿಯನ್ನು ಮೇಜಿಗೆ ತರುವ ಮೊದಲೇ ಚೀಫ್ ಗಂಟಲು ಸರಿಮಾಡಿಕೊಂಡ. ಹೊಸದಾಗಿ ಒಗೆದ ಅಂಗಿ ತೊಟ್ಟು, ಕೂದಲು ಬಾಚಿಕೊಂಡು ಕುಳಿತಿದ್ದ.

"ಒಂದು ಮಾತು. ನಾಳೆ ಅವರು ಬಂದು ಎಲ್ಲರ ಮುಂದೆ ಹೇಳಿಸ್ಕೊಳ್ಳೋದಕ್ಕಿಂತ ಬೆಳಿಗ್ಗೆನೇ ನಾನೇ ಸೌಟು ಕೆಳಗಿಡ್ತೀನಿ. ನಾಲಿಗೆ ಸತ್ತವನು ಅಡುಗೆ ಮಾಡಬಾರದು. ಕೂಪನ್ ಹರಿಯೋದೇನು ಕೀಳು ಕೆಲಸ ಅಲ್ಲ."

ಮಗ ತಟ್ಟೆ ನೋಡುತ್ತ ಕುಳಿತ. ಟೈಲರಮ್ಮ ಎದ್ದು ನಿಂತಳು.

"ನಿಮ್ಮ ನಾಲಿಗೆಗೆ ಏನೂ ಆಗಿಲ್ಲ ರೀ. ಸಾಸ್ ಸಪ್ಪೆ ಮಾಡಿದ್ದು ನಾನು."

ಚೀಫ್ ಅವಳನ್ನು ನೋಡಿ ಪ್ರೀತಿಯಿಂದ ನಕ್ಕ. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ. ಗೊತ್ತು ನಂಗೆ."

"ಸಮಾಧಾನ ಅಲ್ಲ. ಮೆಣಸಿನಕಾಯಿ ಕಡಿಮೆ ಮಾಡಿ ಕ್ಯಾರೆಟ್ ಹಾಕಿದೆ."

"ಸಾಸಿಗೆ ಕ್ಯಾರೆಟ್ಟಾ? ನೀನಾ?" ಚೀಫ್‌ನ ನಗು ದೊಡ್ಡದಾಯಿತು. "ಸುಳ್ಳು ಹೇಳೋಕೂ ಒಂದು ಹದ ಬೇಕು ಕಣೇ. ಸೂರ್ಯ ಬೇಕಾದ್ರೆ ಆ ಕಡೆ ಹುಟ್ತಾನೆ, ನಿನ್ನ ಕೈ ತಪ್ಪಲ್ಲ. ನನಗೋಸ್ಕರ ನಿನ್ನ ಕೈಗೆ ಕೆಟ್ಟ ಹೆಸರು ತಂದ್ಕೋಬೇಡ."

ಹೊಗಳಿಕೆ ಹೀಗೆ ಇರಿಯುತ್ತದೆಂದು ಟೈಲರಮ್ಮನಿಗೆ ಗೊತ್ತಿರಲಿಲ್ಲ. ಈ ಮನುಷ್ಯ ತನ್ನ ನಾಲಿಗೆಯನ್ನು ಅನುಮಾನಿಸಿದ, ತನ್ನ ಡಾಕ್ಟರನ್ನು ಅನುಮಾನಿಸಿದ, ತನ್ನ ವಂಶವನ್ನೇ ಅನುಮಾನಿಸಿದ. ಹೆಂಡತಿಯ ಕೈಯನ್ನು ಮಾತ್ರ ಅನುಮಾನಿಸಲಿಲ್ಲ. ಈಗ ಅವಳೇ ತಪ್ಪೊಪ್ಪಿಕೊಂಡರೂ ನಂಬುತ್ತಿಲ್ಲ! ಅವಳಿಗೆ ನಗು ಬಂತು, ಅಳು ಬಂತು, ಜೊತೆಗೆ ಸಿಟ್ಟೂ ಬಂತು.

"ಅಯ್ಯೋ, ಹಾಕಿದೀನಿ ಅಂದ್ರೆ ಹಾಕಿದೀನಿ! ಇವಳ ಬೆರಳು ನೋಡಿ ಹಾಕಿದೆ! ಒಂದು ದಿನ ಆದ್ರೂ ಇವಳ ಕೈ ನೋಡಿದೀರಾ ನೀವು?"

ಚೀಫ್ ಸೊಸೆಯ ಕೈ ನೋಡಿದ. ಸೊಸೆ ಕೈ ಮೇಜಿನ ಕೆಳಗೆ ಎಳೆದುಕೊಳ್ಳಲಿಲ್ಲ. ಅವನ ನಗು ನಿಂತಿತು.

"ಮಾವ," ಎಂದಳು ಸೊಸೆ, "ನಿಮ್ಮ ಸಮಕ್ಕೆ ನಾನು ತಿಂದೆ ಅಂದ್ಕೊಂಡಿದ್ರಲ್ಲ, ನೋಡಿ ಈಗ." ಒಳಗೆ ಹೋಗಿ ಹೊಸ ಬಾಟಲಿ ತಂದು, ತಟ್ಟೆಯ ಅನ್ನಕ್ಕೆ ಒಂದು ಚಮಚ ಸುರಿದು, ಊದಿದ ತುಟಿಯೊಳಗೆ ತುತ್ತಿಟ್ಟಳು. ಗೆಲುವಿನ ಹೆಸರು ಅವಳಿಗೆ ಎಷ್ಟು ಬೇಕಾಗಿತ್ತೆಂದು ಟೈಲರಮ್ಮ ಬಲ್ಲಳು. ಅದನ್ನೇ ಈಗ ಅವಳು ಎಲ್ಲರ ಕಣ್ಣೆದುರು ಬಿಟ್ಟುಕೊಟ್ಟಳು. ಎರಡನೆಯ ತುತ್ತಿಗೆ ಮೂಗು ಸೋರಿತು. ಮೂರನೆಯದಕ್ಕೆ ತನ್ನ ಲೋಟವಷ್ಟೇ ಅಲ್ಲ, ಗಂಡನ ಲೋಟವನ್ನೂ ಸೇರಿಸಿ ಕುಡಿದಳು.

"ಔ..." ಎಂದು ಶುರುಮಾಡಿದ ಅಜ್ಜಿ ಅರ್ಧಕ್ಕೇ ನಿಲ್ಲಿಸಿ, ಬಾಟಲಿಗೆ ಬೆರಳದ್ದಿ ಚೀಪಿದಳು. ಕಣ್ಣರಳಿಸಿದಳು. "ಇದು ಸಾಸ್! ಇಷ್ಟು ದಿನ ತಿಂದಿದ್ದು ಜಾಮ್. ನಾನು ಬಡ್ಕೊಂಡೆ, ಯಾರಾದ್ರೂ ಕಿವಿಗೆ ಹಾಕ್ಕೊಂಡ್ರಾ? ಮುದುಕಿ ನಾಲಿಗೆ ಮಂದ ಅಂತೆ!" ಎಂದು ಸೊಸೆಯಾದ ಟೈಲರಮ್ಮನ ಕಡೆ ಕೆಕ್ಕರಿಸಿದಳು.

ಚೀಫ್ ಚಮಚ ಎತ್ತಿಕೊಂಡ. ಅನ್ನ ಗಿನ್ನ ಏನೂ ಇಲ್ಲದೆ ಬರೀ ಸಾಸ್ ಬಾಯಿಗಿಟ್ಟು ಕಣ್ಣು ಮುಚ್ಚಿದ. ಮೊದಲು ವಿನೆಗರಿನ ಹುಳಿ, ಹಿಂದೆಯೇ ಬೆಳ್ಳುಳ್ಳಿ, ಆಮೇಲೆ ನಿಧಾನವಾಗಿ ನಾಲಿಗೆಯ ಬುಡದಿಂದ ಎದ್ದು ಕಿವಿಯವರೆಗೆ ಹತ್ತಿದ ಖಾರ. ಅವನ ಹಣೆಯಲ್ಲಿ ಬೆವರೊಡೆಯಿತು.

"ಹತ್ತಿತು," ಎಂದ. ಮತ್ತೆ, ಗಟ್ಟಿಯಾಗಿ, "ಹತ್ತಿತು ಕಣೇ! ಉರೀತಿದೆ! ಇದು ನಿನ್ನ ಕೈ! ಇದೇ ನಿನ್ನ ಕೈ!"

ಮಗ ಎದ್ದು ಕುಣಿದ. ಟೈಲರಮ್ಮ ಕಣ್ಣೊರೆಸಿಕೊಂಡಳು. ಚೀಫ್ ಇನ್ನೊಂದು ಚಮಚ ತಿಂದು, ಮೂರನೆಯದು ತಿಂದು, ಆಮೇಲೆ ನೆನಪಾದವನಂತೆ ಮುಖ ಗಂಟು ಹಾಕಿದ.

"ಹಾಗಾದ್ರೆ ಇಡೀ ಡಿಪೋಗೆ ಬಾಣಂತಿ ಊಟ ತಿನ್ನಿಸಿದ್ದು ನೀನು!"

"ಹಾಕಿದ್ದು ನಾನು. ತಿನ್ನಿಸಿದ್ದು ನೀವು," ಎಂದಳು ಟೈಲರಮ್ಮ. "ಕಾನೂನು ಮಾಡಿದ್ದೂ ನೀವೇ."

ಚೀಫ್ ಮತ್ತೆ ಸೊಸೆಯ ಬೆರಳು ನೋಡಿ, "ಬೆರಳು ಒಡೆದವರಿಗೆ ಪಾತ್ರೆ ಇಲ್ಲ. ವಾಸಿ ಆಗೋವರೆಗೂ. ಕಾನೂನಿಗೆ ತಿದ್ದುಪಡಿ," ಎಂದ. ಸೊಸೆ ಏನೋ ಹೇಳಹೊರಟಳು. "ಎದುರು ಮಾತಾಡಬೇಡ. ಆಟ ಆಡು, ಸೋತ್ರೆ ನಿನ್ನ ನಂತರ ನೀರು ಮುಟ್ಟಿದವರು ತೊಳೀಲಿ." ದಿನಾ ಬಾಯಾರಿ ಬರುವ ತಾನೇ ಆ ನಂತರದವನು ಎಂದು ಲೆಕ್ಕ ಹಾಕಿಕೊಂಡ ಮಗ ನಿಟ್ಟುಸಿರಿಟ್ಟ. ಚೀಫ್ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. ನಾಳೆಯ ಹುರುಳಿಕಾಯಿಗೆ ಮಸಾಲೆ ಇವತ್ತೇ ರುಬ್ಬಿಡಬೇಕು ಎಂದು ಡಿಪೋಗೆ ಓಡಿದ.

ಸೋಮವಾರ ಸಂಜೆ ಚೀಫ್ ಮನೆಗೆ ಬಂದಾಗ ಬೀದಿಯ ತುದಿಯಿಂದಲೇ ಅವನ ದನಿ ಕೇಳಿಸಿತು. ಮೇಜಿಗೆ ಕುಳಿತ ಮೇಲೂ ನಿಲ್ಲಲಿಲ್ಲ. ಎಲ್ಲರೂ ಸಾಸ್ ಹಾಕಿಕೊಂಡು ತುತ್ತೆತ್ತಿದರು. ಸೊಸೆಯ ಮೂಗು ಕೆಂಪೇರಿತ್ತು, ಆದರೆ ಅವಳು ಹಲ್ಲು ಕಚ್ಚಿ ಕುಳಿತಿದ್ದಳು. ಮಗ ಕುರ್ಚಿಯ ಅಂಚಿಗೆ ಬಂದಿದ್ದ. ಟೈಲರಮ್ಮನ ಕಣ್ಣಲ್ಲೂ ನೀರಾಡುತ್ತಿತ್ತು.

"ಮೇಲಿನ ಆಫೀಸಿನವರು ಇಬ್ಬರು," ಚೀಫ್ ಕೈ ಬೀಸಿ ಬೀಸಿ ಹೇಳುತ್ತಿದ್ದ, "ಒಬ್ಬ ಗುಂಡಗೆ, ಒಬ್ಬ ಉದ್ದಕ್ಕೆ. ಗುಂಡಗಿದ್ದವನು ಮೊದಲ ತುತ್ತು ತಿಂದ, ಟೈ ಸಡಿಲ ಮಾಡ್ಕೊಂಡ. ಎರಡನೇದು ತಿಂದ, ಕೋಟು ಬಿಚ್ಚಿದ. ನಾನು ಅಂದ್ಕೊಂಡೆ, ಮುಗೀತು ನನ್ನ ಕಥೆ. ನೋಡ್ತೀನಿ, ತಟ್ಟೆ ಮುಂದೆ ಚಾಚ್ತಿದ್ದಾನೆ, ಇನ್ನೊಂದು ಸಲ ಬಡಿಸಿ ಅಂತ! ಡ್ರೈವರುಗಳೆಲ್ಲ ಮೇಜು ಕುಟ್ಟಿದ್ರು. ಮ್ಯಾನೇಜರ್ ಅಂತಾರೆ, ಚೀಫ್, ಸೌಟು ನಿಮ್ಮ ಕೈಲೇ ಇರ್ಲಿ. ಆಗ ನಾನು ಏನಂದೆ ಗೊತ್ತಾ?" ಹೇಳಿ ಹೇಳಿ ಗಂಟಲೊಣಗಿತ್ತು. ಚೀಫ್ ಮುಂದಿದ್ದ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದು, ಟಪ್ಪೆಂದು ಕೆಳಗಿಟ್ಟು, "ನಾನಂದೆ..." ಎಂದು ಮುಂದುವರಿಸಿದ.

ಯಾರೂ ಕೇಳುತ್ತಿರಲಿಲ್ಲ. ಎಲ್ಲರ ಕಣ್ಣೂ ಖಾಲಿ ಲೋಟದ ಮೇಲಿತ್ತು. ಅಜ್ಜಿಯ ಚಮಚ ಗಾಳಿಯಲ್ಲಿ ನಿಂತಿತ್ತು. ಇಷ್ಟು ವರ್ಷದಲ್ಲಿ ಚೀಫ್‌ನನ್ನು ಒಮ್ಮೆಯೂ ಹಿಡಿದಿರದ ಅವಳಿಗೆ ಕೂಗಲು ಬಾಯೇ ಬರಲಿಲ್ಲ. ಕಡೆಗೆ ಚಮಚ ತಟ್ಟೆಗೆ ಬಿತ್ತು, ಬಾಯಿಂದ ಮಾತೂ ಬಿತ್ತು.

"ಔಟ್!"

"ಏ, ಇಲ್ಲ! ಇದು ಖಾರಕ್ಕಲ್ಲ, ಬಾಯಾರಿಕೆಗೆ..." ಎಂದ ಚೀಫ್.

"ನಾನೂ ಬಾಯಾರಿಕೆಗೇ ಸೋತಿದ್ದು ಅಪ್ಪ," ಎಂದ ಮಗ. "ಅಷ್ಟೂ ದಿನ."

ಚೀಫ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾವ ಮುಖದಲ್ಲೂ ದಾರಿ ಕಾಣಲಿಲ್ಲ. ಎದ್ದು, ಅಂಗಿಯ ತೋಳು ಮಡಚಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ನಡೆದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಏನೋ ಡಬ್ಬಿ ಬಿದ್ದ ಸದ್ದು. ಕಪಾಟಿನ ಬಾಗಿಲು ಒಂದು ತೆಗೆದು ಮುಚ್ಚಿದ ಸದ್ದು, ಇನ್ನೊಂದು ತೆಗೆದು ಮುಚ್ಚಿದ ಸದ್ದು.

"ಏ ಇವಳೇ," ಒಳಗಿನಿಂದ ಕೂಗು ಬಂತು, "ಈ ಪಾತ್ರೆ ತಿಕ್ಕೋ ನಾರು ಎಲ್ಲಿಟ್ಟಿರ್ತೀಯಾ?"

ಟೈಲರಮ್ಮ ಅಭ್ಯಾಸಬಲದಿಂದ ಅರ್ಧ ಎದ್ದಳು. ಆಮೇಲೆ ಮತ್ತೆ ಕುಳಿತು, ಎದುರಿನ ಖಾಲಿ ಕುರ್ಚಿಯ ಮೇಲೆ ಎರಡೂ ಕಾಲು ಚಾಚಿ, ತನ್ನ ಲೋಟದ ನೀರನ್ನು ಗುಟುಕು ಗುಟುಕಾಗಿ ಕುಡಿದಳು.

"ಹುಡುಕ್ಕೊಳ್ರೀ," ಎಂದಳು.